ಮಗಳು ಡಲ್ಲಾಸಿನಿಂದ ಊರಿಗೆ ಬರಬಹುದೇ?

ಪ್ರಶ್ನೆ: ನಾನು ಶಿರಸಿ ತಾಲ್ಲೂಕಿನ ಒಂದು ಹಳ್ಳಿಯವಳು. ಮಗಳು, ಅಳಿಯ, ಆರು ವರ್ಷದ ಮೊಮ್ಮಗ ಅಮೆರಿಕದ ಡಲ್ಲಾಸಿನಲ್ಲಿದ್ದಾರೆ. ಮಾರಿಕಾಂಬಾ ಜಾತ್ರೆಗೆ ಮಗಳು ಮಗುವನ್ನು ಕರೆದುಕೊಂಡು ಬರುವವಳಿದ್ದಾಳೆ. ಆಫ್ರಿಕಾದಲ್ಲಿ ಎಬೋಲಾ ಎಂದು ಟಿ.ವಿ.ಯಲ್ಲಿ ಸುದ್ದಿ ಬಂದಾಗಲೆಲ್ಲ ನನಗೆ ನಿದ್ದೆ ಹತ್ತುವುದಿಲ್ಲ. 2014ರಲ್ಲಿ ಅದು ಅದೇ ಡಲ್ಲಾಸಿಗೆ ಬಂದಿತ್ತಂತೆ, ಅಲ್ಲಿಯ ಜನ ಮಕ್ಕಳನ್ನು ಶಾಲೆಗೆ ಕಳುಹಿಸಲೂ ಹೆದರಿದ್ದರಂತೆ. ಅಷ್ಟು ಮುಂದುವರಿದ ದೇಶಕ್ಕೇ ಬಂದ ಮೇಲೆ ನಮ್ಮ ಗತಿ ಏನು? ಈ ಸಲ ಅವರು ಬರುವುದು ಬೇಡವೆಂದು ನೆರೆಮನೆಯವರು ಹೇಳುತ್ತಿದ್ದಾರೆ. ಅತ್ತ ಅಳಿಯ, ‘ನಿಮ್ಮದು ಮಂಗನ ಕಾಯಿಲೆಯ ಸೀಮೆ, ಮಗುವನ್ನು ಹೇಗೆ ಕಳುಹಿಸಲಿ?’ ಎನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ: ಅಮ್ಮಾ, ಮಗಳು ಬರಲಿ, ಮೊಮ್ಮಗನೂ ಬರಲಿ. ಉಳಿದದ್ದನ್ನು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪತ್ರದಲ್ಲಿ ಎರಡು ಹೆದರಿಕೆಗಳು ಎದುರುಬದುರು ನಿಂತಿವೆ. ನಿಮ್ಮ ನೆರೆಯವರು ಡಲ್ಲಾಸಿಗೆ ಹೆದರುತ್ತಾರೆ; ಡಲ್ಲಾಸಿನಲ್ಲಿರುವ ಅಳಿಯ ನಿಮ್ಮ ಮನೆಯ ಹಿಂದಿನ ಸೊಪ್ಪಿನ ಬೆಟ್ಟಕ್ಕೆ ಹೆದರುತ್ತಾನೆ. ಇಬ್ಬರಲ್ಲಿ ಅಳಿಯನ ಮಾತಿಗೇ ತೂಕ ಹೆಚ್ಚು. ಅವನ ಮೇಲೆ ಬೇಸರ ಮಾಡಿಕೊಳ್ಳಬೇಡಿ.

ಮೊದಲು ಡಲ್ಲಾಸಿನಲ್ಲಿ ನಡೆದದ್ದು ಕೇಳಿ. 2014ರ ಸೆಪ್ಟೆಂಬರ್ 20ರಂದು ಥಾಮಸ್ ಎರಿಕ್ ಡಂಕನ್ ಎಂಬವರು ಪಶ್ಚಿಮ ಆಫ್ರಿಕಾದ ಲೈಬೀರಿಯಾದಿಂದ ಅಲ್ಲಿಗೆ ಬಂದಿಳಿದರು. ಹೊರಡುವಾಗ ವಿಮಾನ ನಿಲ್ದಾಣದಲ್ಲಿ ಅವರ ಮೈಬಿಸಿ ನೋಡಿದ್ದರು, ಜ್ವರ ಇರಲಿಲ್ಲ. ಎಬೋಲಾ ಮೈಸೇರಿದ ಮೇಲೆ ಲಕ್ಷಣ ಕಾಣಿಸಿಕೊಳ್ಳಲು 2ರಿಂದ 21 ದಿನ ಹಿಡಿಯುತ್ತದೆ. ಆ ನಡುವಿನ ದಿನಗಳಲ್ಲಿ ಯಾವ ಥರ್ಮಾಮೀಟರಿಗೂ ಅದು ಸಿಗುವುದಿಲ್ಲ. ಅದೇ ದಿನಗಳಲ್ಲಿ ಅದು ಇನ್ನೊಬ್ಬರಿಗೆ ಅಂಟುವುದೂ ಇಲ್ಲ. ಈ ಎರಡನೆಯ ಮಾತನ್ನು ಟಿ.ವಿ.ಯವರು ಬಹಳ ಸಲ ಬಿಟ್ಟುಬಿಡುತ್ತಾರೆ. ಐದಾರು ದಿನದ ಮೇಲೆ ಡಂಕನ್ ಜ್ವರ, ಹೊಟ್ಟೆನೋವು ಎಂದು ರಾತ್ರಿ ಹೊತ್ತು ಆಸ್ಪತ್ರೆಗೆ ಹೋದರು. ಎಲ್ಲಿಂದ ಬಂದಿರಿ ಎಂದು ನರ್ಸ್ ಕೇಳಿದರು. ಆಫ್ರಿಕಾದಿಂದ ಎಂದು ಅವರು ಹೇಳಿದರು. ಆ ಉತ್ತರ ದಾಖಲೆಯಲ್ಲಿಯೂ ಸೇರಿತು. ಆದರೆ ಚಿಕಿತ್ಸೆ ಬರೆದವರ ಗಮನಕ್ಕೆ ಅದು ಬರಲಿಲ್ಲ. ಆಂಟಿಬಯಾಟಿಕ್ ಕೊಟ್ಟು ಮನೆಗೆ ಕಳುಹಿಸಿದರು. 28ರಂದು ಆಂಬುಲೆನ್ಸಿನಲ್ಲಿ ಮರಳಿ ಬಂದರು, 30ರಂದು ಎಬೋಲಾ ಎಂದು ಖಚಿತವಾಯಿತು, ಅಕ್ಟೋಬರ್ 8ರಂದು ತೀರಿಕೊಂಡರು.

ಡಂಕನ್ ಎರಡನೆಯ ಸಲ ಆಸ್ಪತ್ರೆ ಸೇರುವ ಮೊದಲು ಮನೆಯಲ್ಲಿ ಜ್ವರದಲ್ಲೇ ಮಲಗಿದ್ದರು. ಅದೇ ಮನೆಯಲ್ಲಿ ಅವರು ಮದುವೆಯಾಗಬೇಕಿದ್ದ ಹೆಂಗಸು ಮತ್ತು ಇನ್ನೂ ಮೂವರು ಇದ್ದರು. ಕಾಯಿಲೆ ಖಚಿತವಾದ ಮೇಲೂ ಅವರು ಬಳಸಿದ, ಬೆವರು ಹಿಡಿದ ಹಾಸಿಗೆ ಹೊದಿಕೆಗಳ ಜೊತೆಗೇ ಆ ನಾಲ್ವರು ಕೆಲವು ದಿನ ಅದೇ ಬಾಗಿಲೊಳಗೆ ಇರಬೇಕಾಯಿತು. ಆ ನಾಲ್ವರಲ್ಲಿ ಒಬ್ಬರಿಗೂ ಎಬೋಲಾ ಬರಲಿಲ್ಲ. ಬಂದದ್ದು ಇಬ್ಬರು ನರ್ಸುಗಳಿಗೆ. ರೋಗಿಯ ಕೊನೆಯ ದಿನಗಳಲ್ಲಿ, ವಾಂತಿ ಭೇದಿ ನಿಲ್ಲದಿದ್ದಾಗ, ಹತ್ತಿರ ನಿಂತು ಶುಶ್ರೂಷೆ ಮಾಡಿದವರು ಅವರು. ಎಬೋಲಾ ಗಾಳಿಯಲ್ಲಿ ತೇಲಿ ಬರುವುದಿಲ್ಲ. ರೋಗಿಯ ರಕ್ತ, ವಾಂತಿ, ಮಲ ಮುಂತಾದ ದ್ರವಗಳು ಇನ್ನೊಬ್ಬರ ಕಣ್ಣು, ಬಾಯಿ, ಗಾಯಗಳನ್ನು ಮುಟ್ಟಬೇಕು. ಕಾಯಿಲೆ ಏರಿದಷ್ಟೂ ಆ ದ್ರವಗಳಲ್ಲಿ ವೈರಸ್ ಹೆಚ್ಚುತ್ತದೆ, ಸತ್ತ ಮೇಲೆ ದೇಹದಲ್ಲಿಯೂ ಇರುತ್ತದೆ. ಆದ್ದರಿಂದ ಅದು ಹೆಚ್ಚಾಗಿ ಹಿಡಿಯುವುದು ನೋಡಿಕೊಂಡವರನ್ನು: ತಾಯಿ, ಹೆಂಡತಿ, ನರ್ಸ್, ಹೆಣಕ್ಕೆ ಸ್ನಾನ ಮಾಡಿಸಿದ ನೆಂಟರು. ಪ್ರೀತಿಯಿಂದ ಕೈಯಿಟ್ಟವರಿಗೇ ಬರುವ ಕಾಯಿಲೆ ಇದು, ನನಗೆ ಅದರಲ್ಲಿ ಅತ್ಯಂತ ಕ್ರೂರವಾಗಿ ಕಾಣುವುದು ಇದೇ. ಬಸ್ಸಿನಲ್ಲಿ ಎದುರಿನ ಸೀಟಿನಲ್ಲಿ ಕುಳಿತವರಿಗೆ ಬರುವ ಕಾಯಿಲೆ ಅದಲ್ಲ. ನಮ್ಮೂರಿನ ದಡಾರ ಒಬ್ಬ ಮಗುವಿನಿಂದ, ಲಸಿಕೆ ಇಲ್ಲದ ಮಕ್ಕಳ ನಡುವೆ, ಹನ್ನೆರಡರಿಂದ ಹದಿನೆಂಟು ಮಕ್ಕಳಿಗೆ ಹಬ್ಬಬಲ್ಲದು. ಎಬೋಲಾ ಒಬ್ಬರಿಂದ ಸರಾಸರಿ ಇಬ್ಬರಿಗೆ ಹೋಗುತ್ತದೆ.

ಆ ಇಬ್ಬರು ನರ್ಸುಗಳೂ ಗುಣವಾದರು. ಆ ಹಾವಳಿಯ ಕಾಲದಲ್ಲಿ ಅಮೆರಿಕದ ನೆಲದಲ್ಲಿ ಎಬೋಲಾಕ್ಕೆ ಚಿಕಿತ್ಸೆ ಪಡೆದವರು ಒಟ್ಟು 11 ಮಂದಿ, ಅವರಲ್ಲಿ ಹೆಚ್ಚಿನವರು ಆಫ್ರಿಕಾದಲ್ಲಿ ಕಾಯಿಲೆ ಹಿಡಿದು ಚಿಕಿತ್ಸೆಗೆಂದೇ ಕರೆತಂದವರು. ಸತ್ತವರು ಇಬ್ಬರು. ಹೆದರಿದವರು ಮಾತ್ರ ಕೋಟಿಗಟ್ಟಲೆ. ಮಿಸಿಸಿಪ್ಪಿಯ ಒಂದು ಶಾಲೆಯ ಮುಖ್ಯೋಪಾಧ್ಯಾಯರು ಜಾಂಬಿಯಾಕ್ಕೆ ಹೋಗಿಬಂದರೆಂದು ತಂದೆತಾಯಿಗಳು ಮಕ್ಕಳನ್ನು ತರಗತಿಯಿಂದ ಕರೆದೊಯ್ದರು. ಜಾಂಬಿಯಾದಲ್ಲಿ ಎಬೋಲಾ ಇರಲೇ ಇಲ್ಲ, ಇದ್ದದ್ದು ಅಲ್ಲಿಂದ ಸಾವಿರಾರು ಕಿಲೋಮೀಟರ್ ದೂರದಲ್ಲಿ. ಮೇನ್ ರಾಜ್ಯದ ಶಿಕ್ಷಕಿಯೊಬ್ಬರು ಸಮ್ಮೇಳನಕ್ಕೆಂದು ಡಲ್ಲಾಸಿಗೆ ಹೋಗಿದ್ದರು ಎಂಬ ಒಂದೇ ಕಾರಣಕ್ಕೆ 21 ದಿನ ಮನೆಯಲ್ಲಿರಿ ಎಂದರು. ನಿಮ್ಮ ಮಗಳ ಊರಿನ ಹೆಸರೇ ಅವರಿಗೆ ಕಾಯಿಲೆಯ ಹೆಸರಾಗಿತ್ತು. ಆ ನರ್ಸುಗಳಲ್ಲಿ ಒಬ್ಬರು ಕಾಯಿಲೆ ಗೊತ್ತಾಗುವ ಮೊದಲು ಹೋಗಿಬಂದಿದ್ದ ಮದುವೆ ಉಡುಪಿನ ಅಂಗಡಿ ಬಾಗಿಲು ಹಾಕಿತು, ಮತ್ತೆ ತೆರೆದರೂ ಗಿರಾಕಿಗಳು ಬಾರದೆ ಕೊನೆಗೆ ಮುಚ್ಚಿಯೇ ಹೋಯಿತು. ಅಲ್ಲಿಗೆ ಬಂದ ಒಬ್ಬ ಗಿರಾಕಿಗೂ ಕಾಯಿಲೆ ಅಂಟಿರಲಿಲ್ಲ.

ಓದಿದ ಜನ, ಸಿರಿವಂತ ದೇಶ, ಹೀಗೇಕೆ ನಡೆದುಕೊಂಡಿತು? ನನ್ನ ಅನುಭವದಲ್ಲಿ ಹೆದರಿಕೆಗೆ ಒಂದು ಹಳೆಯ ಅಭ್ಯಾಸವಿದೆ: ಅದು ಗಡಿಯಲ್ಲಿ ಹೋಗಿ ನಿಲ್ಲುತ್ತದೆ. ನಮ್ಮ ಹಿರಿಯರು ಸಿಡುಬು, ಕಾಲರಾ ಬಂದಾಗ ಮಾರಿಯನ್ನು ಊರ ಗಡಿ ದಾಟಿಸಿ ಬರುತ್ತಿದ್ದರು. ಆ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ, ಅವರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಗಡಿ ದಾಟಿಸಿದ ಮಾರಿ ಪಕ್ಕದ ಊರಿಗೆ ಹೋಗುತ್ತಿದ್ದಳು, ಆ ಊರಿನವರು ಅದಕ್ಕಾಗಿ ಜಗಳಕ್ಕೆ ಬರುತ್ತಿದ್ದರು. ಈ ಊರಿನಿಂದ ಬಂದವರು ಬೇಡ, ಆ ದೇಶದವರು ಬೇಡ ಎನ್ನುವುದೂ ಅದೇ ಪದ್ಧತಿ. ಕಾಯಿಲೆ ಆ ಹೊತ್ತಿಗೆ ಗಡಿಯಲ್ಲಿ ಇರುವುದಿಲ್ಲ. ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ, ಸಾದಾ ಜ್ವರದ ಚೀಟಿ ಹಿಡಿದು ಕುಳಿತಿರುತ್ತದೆ.

‘ಮುಂದುವರಿದ ದೇಶಕ್ಕೇ ಬಂದ ಮೇಲೆ’ ಎಂದಿರಿ. ಈ ಮಾತಿಗೆ ಸ್ವಲ್ಪ ತಕರಾರು ಮಾಡುತ್ತೇನೆ. ಎಬೋಲಾದ ಒಡಹುಟ್ಟು ಎನ್ನಬಹುದಾದ ಮಾರ್ಬರ್ಗ್ ವೈರಸ್ ಮೊದಲು ಗುರುತಿಗೆ ಬಂದದ್ದೇ ಯುರೋಪಿನಲ್ಲಿ, 1967ರಲ್ಲಿ. ಪೋಲಿಯೊ ಲಸಿಕೆಯ ಕೆಲಸಕ್ಕೆಂದು ಉಗಾಂಡಾದಿಂದ ತರಿಸಿದ ಮಂಗಗಳಿಂದ ಜರ್ಮನಿಯ ಮಾರ್ಬರ್ಗ್, ಫ್ರಾಂಕ್‌ಫರ್ಟ್ ಮತ್ತು ಅಂದಿನ ಯುಗೊಸ್ಲಾವಿಯಾದ ಬೆಲ್‌ಗ್ರೇಡ್‌ಗಳಲ್ಲಿ 31 ಜನರಿಗೆ ಕಾಯಿಲೆಯಾಗಿ 7 ಮಂದಿ ಸತ್ತರು. ಇನ್ನು ಎಬೋಲಾ. 1976ರಲ್ಲಿ ಅಂದಿನ ಜೈರ್ (ಇಂದಿನ ಕಾಂಗೊ) ದೇಶದ ಯಾಂಬುಕು ಎಂಬ ಹಳ್ಳಿಯ ಸುತ್ತಮುತ್ತ 318 ಜನರಿಗೆ ಬಂದು 280 ಮಂದಿ ಸತ್ತರು. ಅಲ್ಲಿಯ ಮಿಷನ್ ಆಸ್ಪತ್ರೆಯಲ್ಲಿ ಬೆಳಗ್ಗೆ ಐದು ಸಿರಿಂಜು ಕೊಡುತ್ತಿದ್ದರು, ದಿನವಿಡೀ ಬಂದವರಿಗೆಲ್ಲ ಅವೇ ಸೂಜಿ. ಕಾಡಿನಿಂದ ಬಂದ ಕಾಯಿಲೆಯನ್ನು ಊರಿಗೆ ಹಂಚಿದ್ದು ಆ ಸೂಜಿ. ಡಲ್ಲಾಸಿನಲ್ಲಿ ಸೂಜಿಗೆ ಬರವಿರಲಿಲ್ಲ, ಆದರೆ ದಾಖಲೆಗೆ ಸೇರಿದ ಒಂದು ಉತ್ತರವನ್ನು ಓದಿಕೊಳ್ಳುವ ವ್ಯವಧಾನ ಇರಲಿಲ್ಲ. ದುಡ್ಡಿದ್ದಲ್ಲಿ ಒಂದು ಬಗೆಯ ಕಿಂಡಿ, ದುಡ್ಡಿಲ್ಲದಲ್ಲಿ ಇನ್ನೊಂದು ಬಗೆಯದು.

ಇದಕ್ಕೆ ಎದುರಾಗಿ ನೈಜೀರಿಯಾವನ್ನು ನೋಡಿ. ಅದೇ 2014ರ ಜುಲೈ 20ರಂದು ಲೈಬೀರಿಯಾದಿಂದ ಒಬ್ಬ ರೋಗಿ ವಿಮಾನದಲ್ಲಿ ಲಾಗೋಸಿಗೆ ಬಂದರು. ಮುಂಬೈಯಂತೆ ಗಿಜಿಗುಡುವ ಮಹಾನಗರ ಅದು. ಅವರನ್ನು ನೋಡಿದ ವೈದ್ಯೆ ಅಮೆಯೊ ಅಡಾಡೆವೊ ಎಬೋಲಾ ಇರಬಹುದೆಂದು ಶಂಕಿಸಿದರು, ಪರೀಕ್ಷೆ ಮಾಡಿಸಿದರು, ಬಿಡುಗಡೆ ಮಾಡಿ ಎಂದು ಮೇಲಿನಿಂದ ಒತ್ತಡ ಬಂದರೂ ಬಿಡಲಿಲ್ಲ. ಅವರಿಗೂ ಕಾಯಿಲೆ ತಗಲಿತು, ಆಗಸ್ಟ್ 19ರಂದು ತೀರಿಕೊಂಡರು. ಆದರೆ ಅವರು ಹಿಡಿದು ನಿಲ್ಲಿಸಿದ್ದರಿಂದ ಸಂಪರ್ಕಕ್ಕೆ ಬಂದವರನ್ನು ಹುಡುಕಲು ಸಮಯ ಸಿಕ್ಕಿತು. ಪೋಲಿಯೊ ನಿರ್ಮೂಲನೆಗೆಂದು ಕಟ್ಟಿದ್ದ ತಂಡವೇ ಮನೆಮನೆಗೆ ಹೋಯಿತು. ಸುಮಾರು 900 ಜನರನ್ನು ಪಟ್ಟಿ ಮಾಡಿ ನಿಗಾದಲ್ಲಿ ಇಟ್ಟರು. ಅಷ್ಟು ದೊಡ್ಡ ದೇಶದಲ್ಲಿ ಒಟ್ಟು ರೋಗಿಗಳು 20, ಸಾವು 8. ಅಕ್ಟೋಬರ್ 20ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ನೈಜೀರಿಯಾ ಎಬೋಲಾಮುಕ್ತ ಎಂದು ಘೋಷಿಸಿತು. ನಮ್ಮ ಗತಿ ಏನು ಎಂದು ಕೇಳಿದಿರಲ್ಲ, ಪೋಲಿಯೊ ಹನಿ ಹಾಕಲು ಪ್ರತಿ ಮನೆಯ ಬಾಗಿಲು ತಟ್ಟಿದ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರು ನಮ್ಮಲ್ಲಿಯೂ ಇದ್ದಾರೆ. ಅವರಿಗೆ ಸರಿಯಾದ ಸಂಬಳ ಕೊಡುವುದು ವಿಮಾನ ನಿಲ್ದಾಣದ ಕ್ಯಾಮೆರಾಕ್ಕಿಂತ ದೊಡ್ಡ ರಕ್ಷಣೆ ಎಂದು ನಾನು ನಂಬಿದ್ದೇನೆ.

ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್ ದೇಶಗಳಲ್ಲಿ ಅದೇ ಕಾಯಿಲೆ 28,600ಕ್ಕೂ ಹೆಚ್ಚು ಜನರಿಗೆ ಬಂದು 11,300ಕ್ಕೂ ಹೆಚ್ಚು ಜನ ಸತ್ತರು. 2013ರ ಡಿಸೆಂಬರಿನಲ್ಲಿ ಗಿನಿಯ ಒಂದು ಹಳ್ಳಿಯ ಮಗುವಿನಿಂದ ಶುರುವಾದದ್ದು ಎಬೋಲಾ ಎಂದು ಖಚಿತವಾದದ್ದು ಮಾರ್ಚಿನಲ್ಲಿ. ಮೂರು ತಿಂಗಳು ಅದು ಹೆಸರಿಲ್ಲದೆ ಓಡಾಡಿತು. ಆಮೇಲೆ ಹೆದರಿಕೆ ಸೇರಿಕೊಂಡಿತು: ಆಸ್ಪತ್ರೆಗೆ ಹೋದವರು ಮರಳುವುದಿಲ್ಲವೆಂದು ಜನ ರೋಗಿಗಳನ್ನು ಅಡಗಿಸಿಟ್ಟರು, ತಿಳಿವಳಿಕೆ ಹೇಳಲು ಹೋದ ತಂಡದ ಎಂಟು ಮಂದಿಯನ್ನು ಗಿನಿಯ ಒಂದು ಊರಿನಲ್ಲಿ ಕೊಂದೇ ಹಾಕಿದರು. ಇಂದು ಆ ಬಗೆಯ ಎಬೋಲಾಕ್ಕೆ ಲಸಿಕೆ ಇದೆ, 2019ರಲ್ಲಿ ಒಪ್ಪಿಗೆ ಸಿಕ್ಕಿತು. 2020ರಲ್ಲಿ ಎರಡು ಔಷಧಗಳಿಗೂ ಒಪ್ಪಿಗೆಯಾಯಿತು. ಭಾರತಕ್ಕೂ ಒಮ್ಮೆ ಅದರ ನೆರಳು ಬಿದ್ದಿತ್ತು. 2014ರ ನವೆಂಬರಿನಲ್ಲಿ ಲೈಬೀರಿಯಾದಲ್ಲಿ ಕಾಯಿಲೆಯಿಂದ ಗುಣವಾಗಿ ಬಂದ ಯುವಕನೊಬ್ಬನ ವೀರ್ಯದಲ್ಲಿ ವೈರಸಿನ ಅಂಶ ಸಿಕ್ಕಿದ್ದರಿಂದ ಅವನನ್ನು ದೆಹಲಿಯ ವಿಮಾನ ನಿಲ್ದಾಣದಲ್ಲಿಯೇ ಪ್ರತ್ಯೇಕವಾಗಿ ಇರಿಸಿದ್ದರು. ಅವನಿಂದ ಯಾರಿಗೂ ಹರಡಲಿಲ್ಲ.

ಈಗ ಅಳಿಯನ ಮಾತಿಗೆ, ಮಂಗನ ಕಾಯಿಲೆಗೆ ಬರೋಣ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು ಬಿದ್ದಾಗ, ಸುತ್ತಲಿನ ಹಳ್ಳಿಗಳಲ್ಲಿ ಜ್ವರ ಎದ್ದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಗೆ ಮೊದಲು ಬಂದ ಶಂಕೆ ಏನು ಗೊತ್ತೇ? ಹಳದಿ ಜ್ವರ ಕೊನೆಗೂ ಏಷ್ಯಾಕ್ಕೆ ಬಂತು ಎಂದು. ಆಫ್ರಿಕಾ, ದಕ್ಷಿಣ ಅಮೆರಿಕಗಳಲ್ಲಿ ಮಾತ್ರ ಇದ್ದ, ಮಂಗಗಳನ್ನೂ ಕೊಲ್ಲುವ ಕಾಯಿಲೆ ಅದು. ಹೊರಗಿನಿಂದ ಬಂದಿದೆ ಎಂದುಕೊಂಡು ಹುಡುಕಿದರೆ, ಸಿಕ್ಕಿದ್ದು ಇಲ್ಲಿಯದೇ ಹೊಸ ವೈರಸ್, ಹರಡುತ್ತಿದ್ದದ್ದು ನಮ್ಮ ತರಗೆಲೆಯ ಅಡಿಯ ಉಣುಗು. ಇನ್ನೊಂದು ವಿಷಯ ನನ್ನನ್ನು ಇಂದಿಗೂ ಚುಚ್ಚುತ್ತದೆ. ಎಬೋಲಾಕ್ಕೆ ಹೆಸರಿಡುವಾಗ ಯಾಂಬುಕು ಊರಿಗೆ ಕಳಂಕ ತಟ್ಟದಿರಲೆಂದು ದೂರದ ನದಿಯ ಹೆಸರನ್ನು ಆರಿಸಿದರು. ಕ್ಯಾಸನೂರಿಗೆ ಆ ದಯೆ ಸಿಗಲಿಲ್ಲ. ಜಗತ್ತಿನ ವೈದ್ಯ ಪುಸ್ತಕಗಳಲ್ಲೆಲ್ಲ ಆ ಸಣ್ಣ ಊರು ಕಾಯಿಲೆಯಾಗಿಯೇ ಉಳಿದಿದೆ.

ನಾನು ಸಿದ್ದಾಪುರದ ಕಡೆ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಮಾರ್ಚಿನ ಒಂದು ಮಧ್ಯಾಹ್ನ, ತೋಟದ ಕೆಲಸದ ಹೆಂಗಸೊಬ್ಬಳು ತಲೆಗೆ ಬಟ್ಟೆ ಬಿಗಿದುಕೊಂಡು ಬಂದಳು. ಸಿಡಿಯುವ ತಲೆನೋವು, ಸೊಂಟ ಮೀನಖಂಡಗಳ ಸೆಳೆತ, ಸುಡುವ ಜ್ವರ. ನಾಲಿಗೆ ನೋಡಿದೆ, ಹೊಟ್ಟೆ ಮುಟ್ಟಿದೆ, ಟೈಫಾಯ್ಡ್ ಎಂದು ಮಾತ್ರೆ ಬರೆದೆ. ಹೊರಗೆ ನಲವತ್ತು ಜನ ಕಾದಿದ್ದರು. ಮೂರನೆಯ ದಿನ ಗಂಡ ಬಾಡಿಗೆ ಜೀಪಿನಲ್ಲಿ ಕರೆತಂದ, ವಸಡಿನಿಂದ ರಕ್ತ ಒಸರುತ್ತಿತ್ತು. ಜೊತೆಗಿದ್ದ ಅತ್ತೆ ಸೊಸೆಯ ಸೀರೆಯನ್ನು ಮೊಣಕಾಲಿನವರೆಗೆ ಸರಿಸಿ ತೋರಿಸಿದಳು: ಮೀನಖಂಡದ ಹಿಂದೆ, ಮೊಣಕಾಲಿನ ಮಡಿಕೆಯಲ್ಲಿ, ಕೆರೆದು ಕೆಂಪಾದ ಹತ್ತಾರು ಚುಕ್ಕೆಗಳು. ‘ದರಕು (ಕಾಡಿನ ತರಗೆಲೆ) ಗುಡಿಸಲು ಹೋಗಿದ್ದೆವು, ಅಲ್ಲಿ ಮಂಗ ಸತ್ತಿತ್ತು’ ಎಂದಳು. ಮೊದಲ ದಿನ ನಾನು ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದಳು. ಆ ಹೆಂಗಸು ಬದುಕಿದಳು. ಆದರೆ ಡಲ್ಲಾಸಿನ ಸುದ್ದಿ ಓದಿದಾಗ ಆ ವೈದ್ಯರನ್ನು ದೂರಲು ನನಗೆ ಮನಸ್ಸಾಗಲಿಲ್ಲ. ಅಂದಿನಿಂದ ಯಾವ ಜ್ವರದವರು ಬಂದರೂ ಹೆಸರಿನ ಬೆನ್ನಿಗೇ ನಾನು ಕೇಳುವುದು ಇದನ್ನು: ಈ ಹದಿನೈದು ದಿನದಲ್ಲಿ ಎಲ್ಲಿಗೆ ಹೋಗಿದ್ದಿರಿ?

ಮಂಗನ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ, ಅದಕ್ಕೆಂದೇ ಇರುವ ಔಷಧ ಇಲ್ಲ, ಹಿಂದೆ ಕೊಡುತ್ತಿದ್ದ ಲಸಿಕೆಯನ್ನು ಈಗ ನಿಲ್ಲಿಸಿದ್ದಾರೆ. 2024ರಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಸಾವುಗಳೂ ಆದವು. ಡಿಸೆಂಬರಿನಿಂದ ಮೇವರೆಗೆ ಅದರ ಕಾಲ, ಜಾತ್ರೆ ಬರುವುದು ಸರಿಯಾಗಿ ಅದರ ನಡುವೆ. ಅದಕ್ಕೇ ಅಳಿಯನ ಮಾತಿಗೆ ತೂಕ ಎಂದದ್ದು. ಆದರೂ ಬರಲಿ ಎನ್ನುತ್ತಿದ್ದೇನೆ, ಏಕೆಂದರೆ ಜಾತ್ರೆಯ ಪೇಟೆಯಲ್ಲಿ, ಗದ್ದುಗೆಯ ಮುಂದೆ, ನಿಮ್ಮ ಅಂಗಳದಲ್ಲಿ ಈ ಭಯ ಬಹಳ ಕಡಿಮೆ. ಭಯ ಇರುವುದು ಕಾಡಿನ ಅಂಚಿನಲ್ಲಿ, ತರಗೆಲೆಯಲ್ಲಿ. ಮೊಮ್ಮಗನನ್ನು ಬೆಟ್ಟಕ್ಕೆ ಕಳುಹಿಸಬೇಡಿ, ದರಕಿನ ರಾಶಿಯ ಮೇಲೆ ಆಡಲು ಬಿಡಬೇಡಿ. ಆರು ವರ್ಷದ ಹುಡುಗನಿಗೆ ಅದರಷ್ಟು ಚಂದದ ಆಟ ಬೇರೆ ಇಲ್ಲ ಎಂದು ಗೊತ್ತು, ಆದರೂ ಬೇಡ. ಬೆಟ್ಟಕ್ಕೆ ಮೇಯಲು ಹೋದ ದನಗಳು ಉಣುಗನ್ನು ಕೊಟ್ಟಿಗೆಗೆ ತರುತ್ತವೆ, ಕರುವನ್ನು ತಬ್ಬಿಕೊಂಡರೆ ಸಂಜೆ ಸೋಪು ಹಚ್ಚಿ ಬಿಸಿನೀರಿನ ಸ್ನಾನ ಮಾಡಿಸಿ, ತೊಟ್ಟ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ. ಸ್ನಾನದ ಹೊತ್ತಿಗೆ ಕಿವಿಯ ಹಿಂದೆ, ಕಂಕುಳು, ಮೊಣಕಾಲಿನ ಮಡಿಕೆ, ಚಡ್ಡಿಯ ಅಂಚು ನೋಡಿ. ಕಚ್ಚುವ ಮರಿ ಉಣುಗು ಎಳ್ಳಿನ ಕಾಳಿಗಿಂತ ದೊಡ್ಡದಲ್ಲ, ಬೆಳಕಿಗೆ ಹಿಡಿದು ನೋಡಬೇಕು. ಸಿಕ್ಕರೆ ಉಗುರಿನಿಂದ ಹಿಸುಕಬೇಡಿ, ಸಣ್ಣ ಚಿಮಟಿಗೆಯಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಮನೆಯವರು ಬೆಟ್ಟಕ್ಕೆ ಹೋಗಲೇಬೇಕಾದರೆ ಉಣುಗು ಹತ್ತದಂತೆ ಆಸ್ಪತ್ರೆಯಲ್ಲಿ ಕೊಡುವ ಡೇಪಾ ತೈಲ ಹಚ್ಚಿಕೊಂಡು ಹೋಗಲಿ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೆ ತಿಳಿಸಿ.

ನೆರೆಮನೆಯವರ ಮಾತಿಗೂ ಒಂದು ಉತ್ತರ ಬೇಕು. ಡಲ್ಲಾಸಿನಲ್ಲಿ ಈಗ ಎಬೋಲಾ ಹರಡುತ್ತಿಲ್ಲ, ಮಗಳು ಅದನ್ನು ತರುವ ಪ್ರಶ್ನೆಯೇ ಇಲ್ಲ. ಅವರಿಗೆ 2020ರ ನೆನಪು ಮಾಡಿಕೊಡಿ. ಭಟ್ಕಳಕ್ಕೆ ದುಬೈಯಿಂದ ಬಂದವರಲ್ಲಿ ಕೊರೊನಾ ಕಂಡಾಗ ನಮ್ಮದೇ ಜಿಲ್ಲೆಯವರು ಭಟ್ಕಳವೆಂಬ ಹೆಸರಿಗೇ ಹೆದರಿದರು. ಆ ರೋಗಿಗಳನ್ನು ಕಾರವಾರದ ನೌಕಾಪಡೆಯ ಪತಂಜಲಿ ಆಸ್ಪತ್ರೆಯವರು ಒಳಗೆ ಕರೆದುಕೊಂಡು, ನೋಡಿಕೊಂಡು, ಗುಣಪಡಿಸಿ ಕಳುಹಿಸಿದರು. ಇನ್ನು ಬೆಂಗಳೂರು, ಮುಂಬೈಯವರು ಮಂಗನ ಕಾಯಿಲೆಯ ಸುದ್ದಿ ಓದಿ ನಿಮ್ಮ ಮಕ್ಕಳನ್ನು ಹಾಸ್ಟೆಲಿಗೆ ಸೇರಿಸಿಕೊಳ್ಳುವುದಿಲ್ಲ ಎಂದರೆ ಹೇಗಿರುತ್ತದೆ ಎಂದು ಅವರನ್ನೇ ಕೇಳಿ. ಜಗಳದ ದನಿಯಲ್ಲಿ ಬೇಡ, ಚಹಾ ಕೊಟ್ಟು ಕೇಳಿ.

ಕೊನೆಗೆ ಅಳಿಯನಿಗೆ ಹೇಳಬೇಕಾದದ್ದು. ಮಗು ಡಲ್ಲಾಸಿಗೆ ಮರಳಿದ ಮೇಲೆ ಎರಡು ವಾರದೊಳಗೆ ಜ್ವರ ಬಂದರೆ ಕಾಯಬಾರದು, ಆಸ್ಪತ್ರೆಗೆ ಕರೆದೊಯ್ಯಲಿ. ಅಲ್ಲಿಯ ವೈದ್ಯರು ಮಂಗನ ಕಾಯಿಲೆಯನ್ನು ಜನ್ಮದಲ್ಲಿ ಕಂಡಿರಲಾರರು. ಆದ್ದರಿಂದ ಮಂಗನ ಕಾಯಿಲೆಯ ಪೂರ್ತಿ ಇಂಗ್ಲಿಷ್ ಹೆಸರನ್ನು (Kyasanur Forest Disease), ಊರಿಗೆ ಬಂದುಹೋದ ದಿನಾಂಕಗಳನ್ನು, ಉಣುಗು ಕಚ್ಚಿತ್ತೋ ಇಲ್ಲವೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಮಗಳು ಪರ್ಸಿನಲ್ಲಿ ಇಟ್ಟುಕೊಳ್ಳಲಿ. ಮಲೇರಿಯಾ, ಡೆಂಗಿ ಕೂಡ ನೋಡಿ ಎಂದು ಅದರಲ್ಲೇ ಸೇರಿಸಲಿ. ಮತ್ತು ಭಾರತದಿಂದ, ಕಾಡಿನ ಸೀಮೆಯಿಂದ ಬಂದಿದ್ದೇವೆ ಎಂಬ ಮಾತನ್ನು ಎರಡು ಸಲ ಹೇಳಲಿ: ಬಾಗಿಲಲ್ಲಿ ಹೆಸರು ಬರೆದುಕೊಳ್ಳುವ ನರ್ಸಿಗೆ ಒಮ್ಮೆ, ಒಳಗೆ ಔಷಧ ಬರೆಯುವ ವೈದ್ಯರಿಗೆ ಇನ್ನೊಮ್ಮೆ.